ಹಾಲು ಬೆಣ್ಣೆ ಇಲ್ಲದ ಕಟ್ಟಿನ ಸೂಪು

ನಮ್ಮ ಖಾನಾವಳಿಯಲ್ಲಿ ಮೆನು ಕಾರ್ಡ್ ಇಲ್ಲ. ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ತಪ್ಪಲ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಕಡೆಗೆ ಅನ್ನ ಸಾರು. 2014ರಲ್ಲಿ ಊರಿನ ಹೆಸರು ಬಿಜಾಪುರ ಹೋಗಿ ವಿಜಯಪುರ ಆಯಿತು. ನಮ್ಮ ತಾಟು ಮಾತ್ರ ಹಾಗೇ ಇದೆ. ಸೂಪು ಅನ್ನೋದು ನಮ್ಮ ಒಲೆಗೆ ಬಂದದ್ದು ಎರಡು ಚಳಿಗಾಲದ ಹಿಂದೆ. ಮೈಸೂರಿನಿಂದ ಬ್ಯಾಂಕಿನ ಕೆಲಸಕ್ಕೆ ಬಂದ ಹುಡುಗನೊಬ್ಬ ತಿಂಗಳ ಊಟಕ್ಕೆ ಹೆಸರು ಬರೆಸಿದ. ಮೊದಲ ದಿನವೇ ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಅಕ್ಕಾ, ನಾನು ಹಾಲು, ಮೊಸರು, ತುಪ್ಪ ಏನೂ ತಗೊಳ್ಳಲ್ಲ."

"ಯಾಕಪಾ, ಹೊಟ್ಟಿಗೆ ಆಗಂಗಿಲ್ಲೇನು?"

"ಆಗುತ್ತೆ ಅಕ್ಕಾ. ನಾನೇ ಬಿಟ್ಟಿದ್ದೀನಿ. ಕರುವಿನ ಪಾಲಿನದು ನನಗ್ಯಾಕೆ ಅಂತ."

ಒಳಗೆ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದ ನಮ್ಮ ಅತ್ತೆ ಇದನ್ನು ಕೇಳಿಸಿಕೊಂಡರು. ಅವರಿಗೆ ದೊಡ್ಡ ಚಿಂತೆ ಆಯಿತು. ಕರು, ಪಾಪ, ಪುಣ್ಯ ಅವೆಲ್ಲ ಅಲ್ಲ. ಮೊಸರಿಲ್ಲದೆ ಊಟ ಹೇಗೆ ಮುಗಿಯುತ್ತದೆ ಅನ್ನೋದು.

ಡಿಸೆಂಬರ್ ಬಂತು. ನಮ್ಮೂರಿನ ಚಳಿ ಗೊತ್ತಲ್ವಾ? ಮಧ್ಯಾಹ್ನ ಕೊಡೆ ಬೇಕು, ರಾತ್ರಿ ಕೌದಿ ಬೇಕು. ಸುತ್ತ ಬಯಲು, ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ಕೆಲವು ದಿನ ನಸುಕಿನಲ್ಲಿ 10-12 ಡಿಗ್ರಿಗೆ ಇಳಿಯುತ್ತದೆ. ಮೈಸೂರಿನ ಹುಡುಗ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಬಂದು, "ಅಕ್ಕಾ, ರಾತ್ರಿ ಒಂದು ಬಟ್ಟಲು ಸೂಪ್ ಮಾಡಿಕೊಡ್ತೀರಾ?" ಅಂದ. ಆಯಿತಪ್ಪಾ ಅಂದೆ. ನನಗೆ ಮಾಡಲು ಬರುವುದಿಲ್ಲ ಅಂತ ಮಾತ್ರ ಹೇಳಲಿಲ್ಲ.

ಮೊದಲು ಕೆಟ್ಟ ಕಥೆ

ಅಂಗಡಿಯಿಂದ ಪ್ಯಾಕೆಟ್ ತಂದೆ. ಹುಡುಗ ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ, ಇದರಲ್ಲಿ ಹಾಲಿನ ಪುಡಿ ಇದೆ ಅಂತ ವಾಪಸ್ ಕೊಟ್ಟ. ಹಾಲು ಬಿಟ್ಟವರು ನಿಮ್ಮ ಮನೆಯಲ್ಲೂ ಇದ್ದರೆ ಆ ಸಣ್ಣ ಅಕ್ಷರ ಓದಿಯೇ ತನ್ನಿ.

ಮರುದಿನ ಹೋಟೆಲಿನವರ ಹಾಗೆ ಕಾರ್ನ್‌ಫ್ಲೋರ್ ಕಲಸಿ ಹಾಕಿದೆ. ಕೈ ಜಾಸ್ತಿ ಆಯಿತು. ಬಿಸಿ ಇದ್ದಾಗ ಪರವಾಗಿರಲಿಲ್ಲ. ಕಡೆಯ ಪಂಕ್ತಿಯವರು ಬಂದು ಕೂರುವಷ್ಟರಲ್ಲಿ ಗಾಳಿಪಟಕ್ಕೆ ಹಚ್ಚುವ ಅಂಟು ಆಗಿತ್ತು. ಯಾರೂ ಏನೂ ಅನ್ನಲಿಲ್ಲ, ಬಟ್ಟಲು ಹಾಗೇ ಬಿಟ್ಟು ಎದ್ದರು. ಖಾನಾವಳಿ ನಡೆಸುವವರಿಗೆ ಅದು ಬೈಗುಳಕ್ಕಿಂತ ಜಾಸ್ತಿ.

ಇನ್ನೊಂದು ದಿನ ಬೆಂದ ಗಜ್ಜರಿ, ಕುಂಬಳಕಾಯಿಯನ್ನು ಕುದಿಕುದಿಯುತ್ತಲೇ ಮಿಕ್ಸಿಗೆ ಸುರಿದು ಸ್ವಿಚ್ ಹಾಕಿದೆ. ಒಳಗಿನ ಹಬೆ ಮುಚ್ಚಳವನ್ನು ಎತ್ತಿ ಒಗೆಯಿತು. ಗೋಡೆ, ಕ್ಯಾಲೆಂಡರ್, ನನ್ನ ಎಡಗೈ ಎಲ್ಲ ಹಳದಿ. ಮೊಣಕೈ ಹತ್ತಿರ ಗುರುತು ಇನ್ನೂ ಇದೆ. ಬಿಸಿ ಪದಾರ್ಥವನ್ನು ಮಿಕ್ಸಿಗೆ ಹಾಕಲೇಬೇಡಿ. ಹಾಕಲೇಬೇಕು ಅಂದರೆ ಪೂರ್ತಿ ಆರಿಸಿ, ಜಾರನ್ನು ಅರ್ಧ ಮಾತ್ರ ತುಂಬಿಸಿ.

ಕೈ ಮೇಲೆ ತಣ್ಣೀರು ಬಿಟ್ಟುಕೊಂಡು ಬಚ್ಚಲಲ್ಲಿ ಕೂತಿದ್ದೆ. ಅತ್ತೆ ಬಾಗಿಲಿಗೆ ಬಂದು ನಿಂತರು.

"ನಿನಗ ಕಟ್ಟು ಮಾಡಾಕ ಬರ್ತೈತಿ. ಕಾಯಿಪಲ್ಯ ಕುದಸಾಕ ಬರ್ತೈತಿ. ಎರಡೂ ಒಂದ ಪಾತೇಲ್ಯಾಗ ಹಾಕಾಕ ಬರೂದಿಲ್ಲೇನು?"

ಹೋಳಿಗೆ ದಿನ ಬೇಳೆ ಬಸಿದು ಉಳಿಯುತ್ತದಲ್ಲ, ಆ ಕಟ್ಟು. ಎಷ್ಟು ವರ್ಷದಿಂದ ಮಾಡಿದ್ದೇನೋ ಲೆಕ್ಕವಿಲ್ಲ. ಅದನ್ನು ಬಟ್ಟಲಿಗೆ ಹಾಕಿ ಚಮಚದಲ್ಲಿ ಕುಡಿದರೆ ಸೂಪು ಅಂತ ಹೊಳೆದಿರಲಿಲ್ಲ. ಸೂಪಿಗೆ ಬೆಣ್ಣೆ, ಕ್ರೀಮು, ಕಾರ್ನ್‌ಫ್ಲೋರ್ ಹಾಕುವುದು ಯಾಕೆ? ನೀರು ನೀರಾಗಿ ಇರಬಾರದು, ಬಾಯಿಗೆ ದಪ್ಪಗೆ ಸಿಗಬೇಕು ಅಂತ ತಾನೇ? ಆ ಕೆಲಸ ನಮ್ಮಲ್ಲಿ ಬೇಳೆ ಮಾಡುತ್ತದೆ, ಜೋಳದ ಹಿಟ್ಟು ಮಾಡುತ್ತದೆ. ಇನ್ನೊಂದು ಮಾಡುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಏನೇನು ಬೇಕು

ಖಾನಾವಳಿಯ ಅಳತೆ ನಿಮಗೆ ಬೇಡ. ನಾಲ್ಕು ಜನಕ್ಕೆ ದೊಡ್ಡ ಬಟ್ಟಲು ಒಂದೊಂದು ಬರುವ ಲೆಕ್ಕ ಇದು.

ತೊಗರಿ ಬೇಳೆ 75 ಗ್ರಾಂ. ಸಿಹಿ ಕುಂಬಳಕಾಯಿ 150 ಗ್ರಾಂ, ಸಿಪ್ಪೆ ತೆಗೆದದ್ದು. ಗಜ್ಜರಿ 2. ದೊಡ್ಡ ಉಳ್ಳಾಗಡ್ಡಿ 1. ಟೊಮೆಟೊ 2. ಬೀನ್ಸ್ ಎಂಟು ಹತ್ತು. ಹೂಕೋಸಿನ ನಾಲ್ಕು ಎಸಳು. ಹಸಿ ತೊಗರಿಕಾಳು ಎರಡು ಹಿಡಿ. ಎರಡು ಹಿಡಿ ಸೊಪ್ಪು. ಜೋಳದ ಹಿಟ್ಟು ಒಂದು ದೊಡ್ಡ ಚಮಚ, ಸ್ವಲ್ಪ ಗೋಪುರ ಕಟ್ಟಿ. ಬಳ್ಳೊಳ್ಳಿ ಎಂಟು ಎಸಳು, ಹಸಿ ಶುಂಠಿ ಹೆಬ್ಬೆರಳ ತುದಿಯಷ್ಟು, ಮೆಣಸಿನಕಾಳು 12, ಜೀರಿಗೆ ಒಂದು ಸಣ್ಣ ಚಮಚ. ಅರಿಶಿನ, ಇಂಗು, ಉಪ್ಪು. ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ ಮೂರು ಸಣ್ಣ ಚಮಚ. ಒಂದು ಲಿಂಬೆಹಣ್ಣು.

ಈ ಪಟ್ಟಿಯಲ್ಲಿ ಎರಡು ವಿಷಯಕ್ಕೆ ನಿಲ್ಲಬೇಕು.

ಒಂದು, ಹಸಿ ತೊಗರಿಕಾಳು. ನವೆಂಬರ್ ಕಡೆಯಿಂದ ಸಂಕ್ರಮಣದವರೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ ಹೊರಗೆ ಹಳ್ಳಿಯ ಹೆಣ್ಣುಮಕ್ಕಳು ತೊಗರಿಕಾಯಿ ಗುಂಪಿ ಹಾಕಿಕೊಂಡು ಕೂತಿರುತ್ತಾರೆ. ಕಾಯಿ ಹಸಿರಿದ್ದು ಮೇಲೆ ಕಂದು ಗೆರೆ ಇರಬೇಕು, ಒತ್ತಿದರೆ ಕಾಳು ತುಂಬಿರಬೇಕು. ಪೂರ್ತಿ ಕಂದು ಆಗಿದ್ದರೆ ಬಲಿತಿದೆ, ಬೇಯಲು ಬಹಳ ಹೊತ್ತು. ಹಸಿ ಕಾಳು ನೆನೆಯಿಡುವುದು ಬೇಕಿಲ್ಲ. ಬೆಂದಾಗ ಒಳಗೆ ಬೆಣ್ಣೆಯ ಹಾಗೆ ಆಗುತ್ತದೆ. ಸೂಪಿನಲ್ಲಿ ಅಲ್ಲಲ್ಲಿ ಬಾಯಿಗೆ ಸಿಕ್ಕಾಗ ಗೊತ್ತಾಗುತ್ತದೆ, ಹೇಳಿ ತಿಳಿಸಲು ಆಗುವುದಿಲ್ಲ. ಸಿಗದ ಊರಿನಲ್ಲಿ ಹಸಿ ಬಟಾಣಿ ಹಾಕಿ, ಅಥವಾ ಅವರೆಕಾಳು.

ಎರಡು, ಸೊಪ್ಪು. ಮೆಂತೆ ಆಗುತ್ತದೆ, ರಾಜಗಿರಿ ಆಗುತ್ತದೆ, ಪಾಲಕ್ ಆಗುತ್ತದೆ. ನನಗೆ ಕೇಳಿದರೆ ಕಡ್ಲಿ ಪಲ್ಯ, ಅಂದರೆ ಕಡಲೆ ಗಿಡದ ಎಳೆ ಕುಡಿ. ಹೂ ಬರುವ ಮೊದಲು ಕುಡಿ ಚಿವುಟಿದರೆ ಗಿಡ ಪಕ್ಕಕ್ಕೆ ಹಬ್ಬುತ್ತದೆ, ಹಾಗಾಗಿ ರೈತರಿಗೂ ಲಾಭ, ನಮಗೂ ಲಾಭ. ಕಡಲೆ ಎಲೆಯ ಮೇಲೆ ತನ್ನದೇ ಒಂದು ಹುಳಿ ಇರುತ್ತದೆ. ಹೊಲದಲ್ಲಿ ಕುಡಿ ಚಿವುಟಿ ಬೆರಳು ನೆಕ್ಕಿ ನೋಡಿದವರಿಗೆ ಗೊತ್ತು. ಹಳಬರು ಆ ಹುಳಿ ಹೋಗಬಾರದು ಅಂತ ತೊಳೆಯುತ್ತಲೇ ಇರಲಿಲ್ಲ. ಈಗ ಹೊಲಕ್ಕೆ ಔಷಧಿ ಹೊಡೆಯುತ್ತಾರೆ. ನೀವು ತೊಳೆಯಿರಿ, ಒಮ್ಮೆ ಮುಳುಗಿಸಿ ಎತ್ತಿ. ಈ ಸೊಪ್ಪು ಹಾಕಿದ ದಿನ ಟೊಮೆಟೊ ಒಂದೇ ಸಾಕು.

ತಿಕೋಟಾ ಕಡೆಯಿಂದ ಬರುವ ಒಬ್ಬ ಅಜ್ಜಿ ನನಗೆ ಕಡ್ಲಿ ಪಲ್ಯ ಎತ್ತಿಟ್ಟಿರುತ್ತಾರೆ. "ಸೂಪಿಗೆ ಬೇಕಬೇ" ಅಂದರೆ "ಅದೇನ ಸೂಪು, ಬ್ಯಾಳ್ಯಾಗ ಹಾಕವಾ ಸುಮ್ನ" ಅಂತಾರೆ. ಬೇಳೆಯಲ್ಲೇ ಹಾಕುತ್ತಿದ್ದೇನೆ ಅಂತ ನಾನು ವಾದ ಮಾಡಲು ಹೋಗುವುದಿಲ್ಲ.

ಕಟ್ಟು ಇಳಿಸುವುದು

ಬೇಳೆ ತೊಳೆದು ಅರ್ಧ ಗಂಟೆ ನೆನೆಯಿಡಿ. ಕುಕ್ಕರಿಗೆ ಬೇಳೆ, ಕುಂಬಳಕಾಯಿ ಹೋಳು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ, ಅರ್ಧ ಲೀಟರ್ ನೀರು. ನಾಲ್ಕು ಸೀಟಿ.

ನೀರು ಯಾವುದು ಅನ್ನೋದು ಮುಖ್ಯ. ನಮ್ಮ ಓಣಿಯ ಬೋರಿನ ನೀರು ಬಹಳ ಗಡಸು, ಅದರಲ್ಲಿ ಆರು ಸೀಟಿ ಕೂಗಿಸಿದರೂ ಬೇಳೆ ಕಾಳುಕಾಳಾಗಿಯೇ ಇರುತ್ತದೆ. ಕುಡಿಯುವ ನೀರಿನಲ್ಲೇ ಬೇಯಿಸಿ. ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ. ಬೇಯುತ್ತದೆ ನಿಜ, ಆದರೆ ರುಚಿ ಸಾಬೂನಿನ ಕಡೆ ಹೋಗುತ್ತದೆ, ಬೇಳೆಯ ಬಿ ವಿಟಮಿನ್ ಒಂದಷ್ಟು ಹಾಳಾಗುತ್ತದೆ. ಬೇಡ.

ಟೊಮೆಟೊ ಈಗಲೇ ಕುಕ್ಕರಿಗೆ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದು ತಡ. ಸೂಪಿಗೆ ಬೇಳೆ ಪೂರ್ತಿ ಕರಗಬೇಕು. ತಳದಲ್ಲಿ ಬೇಳೆ ಮೇಲೆ ನೀರು ಆದರೆ ಅದು ಸೂಪಲ್ಲ, ಉಪ್ಪು ಕಡಿಮೆ ಆದ ಸಾರು.

ಕುಕ್ಕರ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಮಜ್ಜಿಗೆ ಕಡೆಯುವ ಕಡಗೋಲು ಇಳಿಸಿ. ಎರಡೂ ಅಂಗೈ ನಡುವೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ. ಒಂದು ನಿಮಿಷದಲ್ಲಿ ಕುಂಬಳಕಾಯಿ ಕಾಣೆಯಾಗುತ್ತದೆ, ಎರಡು ನಿಮಿಷಕ್ಕೆ ಬೇಳೆ. ಮೇಲೆ ಸಣ್ಣಗೆ ನೊರೆ ಏಳುತ್ತದೆ, ಬಣ್ಣ ತಿಳಿಯಾಗುತ್ತದೆ. ಅದನ್ನು ನೋಡಿದ ದಿನದಿಂದ ನಾನು ಈ ಕೆಲಸಕ್ಕೆ ಮಿಕ್ಸಿ ಮುಟ್ಟಿಲ್ಲ. ಹಾಲು ಬಿಟ್ಟ ಹುಡುಗನಿಗೆ ಮಜ್ಜಿಗೆ ಕಡಗೋಲಲ್ಲಿ ಸೂಪು ಕಡೆಯುವುದು ಅತ್ತೆಗೆ ಇವತ್ತಿಗೂ ನಗೆ. ಹುಡುಗ ಮಾತ್ರ ಒಂದು ಮಾತು ಕೇಳಿದ, "ಅಕ್ಕಾ, ಕಡಗೋಲು ತೊಳೆದಿರ್ತೀರಲ್ವಾ?" ಈಗ ಸೂಪಿಗೇ ಅಂತ ಬೇರೆ ಕಡಗೋಲು ಇದೆ.

ಬಳ್ಳೊಳ್ಳಿ, ಮೆಣಸು

ಕುಕ್ಕರ್ ಕೂಗುವ ಹೊತ್ತಿಗೆ ಬಳ್ಳೊಳ್ಳಿ ಜಜ್ಜಿ ಪಕ್ಕಕ್ಕಿಡಿ. ಜಜ್ಜಿದ ತಕ್ಷಣ ಎಣ್ಣೆಗೆ ಹಾಕಬೇಡಿ, ಹತ್ತು ನಿಮಿಷ ಬಿಡಿ. ಜಜ್ಜಿದಾಗ ಒಳಗಿನ ರಸಗಳು ಒಂದಕ್ಕೊಂದು ಸೇರಿ ಆ ಘಾಟು ಹುಟ್ಟುತ್ತದೆ. ಬಳ್ಳೊಳ್ಳಿಯ ಗುಣ ಇರುವುದು ಆ ಘಾಟಿನಲ್ಲೇ. ಬಿಸಿ ಎಣ್ಣೆಗೆ ಬಿದ್ದರೆ ಅದು ಹುಟ್ಟುವ ಮೊದಲೇ ನಿಂತುಹೋಗುತ್ತದೆ.

ಮೆಣಸಿನಕಾಳು, ಜೀರಿಗೆ, ಶುಂಠಿಯನ್ನು ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ. ಪುಡಿ ಮಾಡಬೇಡಿ. ತರಿ ಇದ್ದರೆ ಕುಡಿಯುವಾಗ ಒಂದೊಂದು ಗುಟುಕಿಗೆ ಒಂದೊಂದು ಖಾರ ಸಿಗುತ್ತದೆ. ಕೆಂಪು ಖಾರದ ಪುಡಿ ಹಾಕಬಹುದಾ ಅಂತ ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ಹಾಕಬೇಡಿ. ಹಾಕಿದರೆ ಸಾರು ಆಗುತ್ತದೆ. ಸಾರು ಬೇಕಿದ್ದರೆ ಸಾರೇ ಮಾಡಿ, ಯಾರು ಬೇಡ ಅಂದರು?

ಪಾತೇಲಿಗೆ

ದಪ್ಪ ತಳದ ಪಾತೇಲಿ ಇಡಿ. ಎಣ್ಣೆ ಬಿಸಿಯಾದ ಮೇಲೆ ಉಳ್ಳಾಗಡ್ಡಿ ಹಾಕಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಅವಸರ ಬೇಡ, ಏಳೆಂಟು ನಿಮಿಷ ಬೇಕು. ಬೆಣ್ಣೆ ಇಲ್ಲದ ಸೂಪಿಗೆ ರುಚಿಯ ಅಡಿಪಾಯ ಈ ಕೆಂಪಾದ ಉಳ್ಳಾಗಡ್ಡಿ. ಅರ್ಧಂಬರ್ಧ ಹುರಿದರೆ ಆಮೇಲೆ ಏನು ಹಾಕಿದರೂ ಆಸ್ಪತ್ರೆಯ ಊಟದ ಹಾಗೆ ಇರುತ್ತದೆ. ಎಣ್ಣೆ ಪೂರ್ತಿ ಬಿಡುವವರೂ ಇದ್ದಾರೆ. ಸ್ವಲ್ಪವಾದರೂ ಇರಲಿ, ಗಜ್ಜರಿ ಕುಂಬಳಕಾಯಿಯ ಹಳದಿ ಬಣ್ಣದ ಸತ್ವ ಎಣ್ಣೆ ಜೊತೆಗಿದ್ದರೇ ಮೈಗೆ ಚೆನ್ನಾಗಿ ಹತ್ತುವುದು.

ಬಳ್ಳೊಳ್ಳಿ, ಇಂಗು, ಆಮೇಲೆ ಟೊಮೆಟೊ. ಟೊಮೆಟೊ ಕರಗಿ ಎಣ್ಣೆ ಬಿಡುತ್ತಿದ್ದ ಹಾಗೆ ಮುಕ್ಕಾಲು ಲೀಟರ್ ಬಿಸಿನೀರು, ಉಪ್ಪು.

ಇನ್ನು ಕಾಯಿಪಲ್ಯ. ಎಲ್ಲವನ್ನೂ ಒಟ್ಟಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ತೊಗರಿಕಾಳು ಬೇಯುವ ಹೊತ್ತಿಗೆ ಹೂಕೋಸು ಗಂಜಿ ಆಗಿರುತ್ತದೆ. ಮೊದಲು ತೊಗರಿಕಾಳು. ಐದು ನಿಮಿಷ ಬಿಟ್ಟು ಗಜ್ಜರಿ. ಇನ್ನೂ ಮೂರು ನಿಮಿಷಕ್ಕೆ ಬೀನ್ಸ್. ಅದಾದ ಮೇಲೆ ಹೂಕೋಸು. ಗಜ್ಜರಿಯನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, ಬೀನ್ಸನ್ನೂ ಅಷ್ಟೇ. ಚಮಚಕ್ಕೆ ನಾಲ್ಕು ತರದ ತುಂಡು ಒಟ್ಟಿಗೆ ಬರಬೇಕು. ಚಮಚದಿಂದ ಹೊರಗೆ ಇಣುಕಬಾರದು.

ಕಾಳು ಹಿಚುಕಿದರೆ ಮೆತ್ತಗೆ ಆಗುವ ಹೊತ್ತಿಗೆ ಕಡೆದಿಟ್ಟ ಕಟ್ಟು ಸುರಿಯಿರಿ.

ಈಗ ಜೋಳದ ಹಿಟ್ಟು. ಅರ್ಧ ಲೋಟ ತಣ್ಣೀರಿಗೆ ಹಿಟ್ಟು ಹಾಕಿ ಬೆರಳಲ್ಲಿ ಕದಡಿ. ತಣ್ಣೀರು, ನೆನಪಿರಲಿ. ಬಿಸಿನೀರಿಗೆ ಹಿಟ್ಟು ಬಿದ್ದರೆ ಹೊರಗಿನ ಹಿಟ್ಟು ತಕ್ಷಣ ಬೆಂದು ಒಳಗಿನದನ್ನು ಕಟ್ಟಿಹಾಕುತ್ತದೆ, ಅದೇ ಗಂಟು. ಆ ಗಂಟು ಒಡೆಯಲು ದೇವರು ಬಂದರೂ ಆಗುವುದಿಲ್ಲ. ಕದಡಿದ್ದನ್ನು ಒಂದು ಕೈಯಲ್ಲಿ ದಾರದ ಹಾಗೆ ಬಿಡುತ್ತ, ಇನ್ನೊಂದು ಕೈಯಲ್ಲಿ ತಿರುವುತ್ತ ಇರಿ. ಮೊದಲ ಎರಡು ನಿಮಿಷ ಏನೂ ಆಗಿಲ್ಲ ಅನ್ನಿಸುತ್ತದೆ. ಅಲ್ಲಿಗೇ ಇನ್ನೊಂದು ಚಮಚ ಹಿಟ್ಟು ಹಾಕುವ ಆಸೆ ಆಗುತ್ತದೆ. ಹಾಕಬೇಡಿ, ಕಾಯಿರಿ. ಕುದಿಯ ಸದ್ದು ಬದಲಾಗುತ್ತದೆ. ಚಿಟಿಪಿಟಿ ಅನ್ನುತ್ತಿದ್ದದ್ದು ಬುಳುಕ್ ಬುಳುಕ್ ಅನ್ನಲು ಶುರು ಮಾಡಿದರೆ ಹಿಟ್ಟು ಹಿಡಿದಿದೆ ಅಂತ ಅರ್ಥ. ಆಮೇಲೂ ಆರೇಳು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ, ಹಸಿ ಹಿಟ್ಟಿನ ವಾಸನೆ ಹೋಗಬೇಕು.

ಹಿಟ್ಟು ಮಾಲದಂಡಿ ಜೋಳದ್ದು ಇದ್ದರೆ ಒಳ್ಳೆಯದು. ನಮ್ಮ ಹಿಂಗಾರಿ ಬೆಳೆಯ ಬಿಳಿ ಜೋಳ ಅದು, ಸೂಪಿಗೆ ಒಂದು ಸಣ್ಣ ಸಿಹಿ ಕೊಡುತ್ತದೆ. ಹಳೆಯ ಹಿಟ್ಟು ಬೇಡ, ಕಹಿ ಆಗುತ್ತದೆ. ಜೋಳ ಮತ್ತು ಬೇಳೆ ಕೂಡಿದರೆ ಇನ್ನೊಂದು ಲಾಭ ಇದೆ. ಪ್ರೋಟೀನಿನಲ್ಲಿ ಜೋಳಕ್ಕೆ ಕಡಿಮೆ ಇರುವುದು ಬೇಳೆಯಲ್ಲಿದೆ, ಬೇಳೆಗೆ ಕಡಿಮೆ ಇರುವುದು ಜೋಳದಲ್ಲಿದೆ. ಹಾಲು ಬಿಟ್ಟವರು ಇದನ್ನು ಗಮನದಲ್ಲಿ ಇಟ್ಟುಕೊಂಡರೆ ಸಾಕು, ಡಬ್ಬದ ಪುಡಿಗೆ ದುಡ್ಡು ಸುರಿಯಬೇಕಿಲ್ಲ. ಬಿ12 ಒಂದು ಮಾತ್ರ ಬೇರೆ ಮಾತು. ಅದು ಬೇಳೆ, ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು ಪೂರ್ತಿ ಬಿಟ್ಟವರು ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಲೇಬೇಕು. ನಮ್ಮ ಹುಡುಗ ತಗೊಳ್ಳುತ್ತಾನೆ, ಮರೆತರೆ ನಾನೇ ಕೇಳುತ್ತೇನೆ.

ಕುಟ್ಟಿಟ್ಟ ಮೆಣಸು, ಜೀರಿಗೆ, ಶುಂಠಿ ಹಾಕಿ. ಎರಡು ನಿಮಿಷ ಬಿಟ್ಟು ಸೊಪ್ಪು. ಸೊಪ್ಪು ಬಿದ್ದ ಮೇಲೆ ಮುಚ್ಚಳ ಹಾಕಬೇಡಿ, ಹಸಿರು ಕಂದಾಗುತ್ತದೆ. ಮೂರು ನಿಮಿಷ, ಒಲೆ ಆರಿಸಿ.

ಲಿಂಬೆ ಒಲೆ ಆರಿಸಿದ ಮೇಲೆಯೇ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಹಾಳು, ರುಚಿಯೂ ಕಹಿ. ಹಿಂಡುವುದು ಬರೀ ರುಚಿಗಲ್ಲ. ಸೊಪ್ಪು, ಬೇಳೆಯ ಕಬ್ಬಿಣದ ಅಂಶ ಮೈಗೆ ಹತ್ತಬೇಕು ಅಂದರೆ ಹುಳಿ ಜೊತೆಗಿರಬೇಕು. ಬಿಪಿ ಇರುವವರಿಗೆ ಉಪ್ಪು ಕಡಿಮೆ ಹಾಕಿ ಲಿಂಬೆ ಒಂದು ಹನಿ ಜಾಸ್ತಿ ಹಾಕಿದರೆ ಭೇದ ಗೊತ್ತಾಗುವುದಿಲ್ಲ. ನಮ್ಮ ಜಿಲ್ಲೆಯ ಇಂಡಿ ಕಡೆಯ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಆ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಟ್ಯಾಗ್ ಸಿಗುವ ಮೊದಲೂ ಅದು ಹೀಗೇ ರಸ ತುಂಬಿಕೊಂಡೇ ಇತ್ತು ಅನ್ನಿ.

ಕುಸುಬಿ ಹಾಲು

ಇನ್ನೊಂದು ಇದೆ ಅಂದಿದ್ದೆನಲ್ಲ, ಇದು.

ಒಂದು ಸಂಜೆ ಹುಡುಗ ಊಟ ಮುಗಿಸಿ ಕೂತು ಬೆಂಗಳೂರಿನಲ್ಲಿ ಬಾದಾಮಿ ಹಾಲು, ಓಟ್ಸ್ ಹಾಲು ಸಿಗುತ್ತದೆ, ಸೂಪಿಗೆ ಹಾಕಿದರೆ ಕ್ರೀಮಿನ ಹಾಗೆ ಇರುತ್ತದೆ ಅಂತ ಹೇಳುತ್ತಿದ್ದ. ಬೆಲೆಯನ್ನೂ ಹೇಳಿದ. ಅತ್ತೆ ಕಿವಿಗೊಟ್ಟು ಕೇಳಿ, "ಕಾಳಿನ ಹಾಲಾ? ಅಷ್ಟಕ್ಕ ಬೆಂಗಳೂರಿಗೆ ಯಾಕ ಹೋಗಬೇಕು? ಕುಸುಬಿ ಹಾಲು ಹಿಂಡೂದು ಬಿಟ್ಟೀರೇನು ನೀವೆಲ್ಲಾ?" ಅಂದರು.

ಬಿಟ್ಟಿದ್ದೆವು. ನಾನು ಸಣ್ಣವಳಿದ್ದಾಗ ಕುಸುಬಿ ಹಾಲಿನ ಹುಗ್ಗಿ ತಿಂದಿದ್ದೆ, ಗೋಧಿ, ಬೆಲ್ಲ ಹಾಕಿ ಮಾಡುತ್ತಿದ್ದರು. ಮದುವೆಯಾದ ಮೇಲೆ ಒಮ್ಮೆಯೂ ಮಾಡಿರಲಿಲ್ಲ. ನಮ್ಮ ಕಡೆ ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಬಿತ್ತುವ ಪದ್ಧತಿ ಇದೆ. ಅದರ ಮುಳ್ಳಿಗೆ ದನ ಒಳಗೆ ನುಗ್ಗುವುದಿಲ್ಲ. ಎಣ್ಣೆಗೂ ಆಯಿತು, ಬೇಲಿಗೂ ಆಯಿತು.

ಅರ್ಧ ವಾಟಿ ಕುಸುಬಿ ಕಾಳು ತಗೊಳ್ಳಿ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಬಿತ್ತನೆಗೆ ಔಷಧಿ ಹಚ್ಚಿದ್ದು ಮಾತ್ರ ತರಬೇಡಿ. ಬಿಳಿ ಕಾಳು, ಹಾಲುಹಲ್ಲಿನ ಹಾಗೆ ಇರುತ್ತದೆ. ಹಿಂದಿನ ರಾತ್ರಿ ನೆನೆಯಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ ಎರಡು ಸಲ ತೊಳೆಯಿರಿ, ಸಿಪ್ಪೆಯ ಕಹಿ ಹೋಗುತ್ತದೆ. ಒಂದು ಲೋಟ ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ. ತಣ್ಣೀರು ಆದ್ದರಿಂದ ಮುಚ್ಚಳದ ಭಯವಿಲ್ಲ. ತೆಳು ಬಟ್ಟೆಗೆ ಸುರಿದು ಹಿಂಡಿ. ಚರಟಕ್ಕೆ ಇನ್ನರ್ಧ ಲೋಟ ನೀರು ಹಾಕಿ ಮತ್ತೊಮ್ಮೆ ರುಬ್ಬಿ ಹಿಂಡಿ. ಬಟ್ಟೆಯೊಳಗೆ ಒರಟು ಹೊಟ್ಟು ಉಳಿಯುತ್ತದೆ, ಕೆಳಗೆ ಬಿಳೀ ಹಾಲು. ಮೊದಲ ಸಲ ಹಿಂಡಿದಾಗ ನನ್ನ ಕೈಗೆ ಎಣ್ಣೆ ಅಂಟಿಕೊಂಡಿತ್ತು. ಆ ವಾಸನೆಗೆ ನಮ್ಮ ಅವ್ವನ ಅಡುಗೆಮನೆ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಸೂಪಿಗೆ ಅರ್ಧ ಲೋಟ ಸಾಕು. ಸೊಪ್ಪು ಹಾಕಿದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಇದನ್ನು ಬಿಡಿ. ಬಿಸಿಯಾದರೆ ಸಾಕು, ಕೊತಕೊತ ಕುದಿಸಿದರೆ ಒಡೆಯುತ್ತದೆ. ಈ ಹಾಲು ಹಾಕುವ ದಿನ ಹುಳಿ ಕಡಿಮೆ ಇರಲಿ. ಕಡ್ಲಿ ಪಲ್ಯ ಬೇಡ, ಮೆಂತೆಯೋ ಪಾಲಕ್ಕೋ ಹಾಕಿ. ಲಿಂಬೆಯನ್ನು ಪಾತೇಲಿಗೆ ಹಿಂಡಬೇಡಿ, ಬೇಕಾದವರು ಬಟ್ಟಲಿಗೆ ಒಂದೆರಡು ಹನಿ ಹಿಂಡಿಕೊಳ್ಳಲಿ. ದಿನಾ ಹಾಕುವ ಕೆಲಸ ಅಲ್ಲ ಇದು, ಕೈ ಹಿಡಿಯುತ್ತದೆ. ನಾನು ವಾರಕ್ಕೊಮ್ಮೆ ಭಾನುವಾರ ಮಾಡುತ್ತೇನೆ.

ಏನು ಹಾಕಬಾರದು

ಬದನೆಕಾಯಿ ಬೇಡ, ಸೂಪು ಕಪ್ಪಾಗುತ್ತದೆ. ಬೆಂಡೆಕಾಯಿ ಲೋಳೆ. ಬೀಟ್ರೂಟ್ ಹಾಕಿದರೆ ಎಲ್ಲವೂ ಒಂದೇ ಬಣ್ಣ. ಎಲೆಕೋಸು ಹಾಕಬಹುದು, ಜಾಸ್ತಿ ಕುದಿಸಿದರೆ ವಾಸನೆ ಬಿಡುತ್ತದೆ. ಮೂಲಂಗಿ ನನಗೆ ಇಷ್ಟ, ಆದರೆ ಕೂತವರಲ್ಲಿ ಅರ್ಧ ಜನ ಮೂಗು ಮುಚ್ಚಿಕೊಳ್ಳುತ್ತಾರೆ.

ಭೋಗಿ ಹಬ್ಬದ ದಿನ ಹೆಚ್ಚಿ ಉಳಿದ ಗಜ್ಜರಿ, ಅವರೆಕಾಳು, ಹಸಿ ಕಡಲೆ, ಎಲ್ಲ ಇದಕ್ಕೆ ನಡೆಯುತ್ತವೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ನಮ್ಮಲ್ಲಿ ಜನ ಜಾಸ್ತಿ. ಆಗ ನಾಲ್ಕು ಜನದ ಅಳತೆಯನ್ನು ಹತ್ತು ಪಟ್ಟು ಮಾಡುತ್ತೇನೆ, ಆದರೆ ಮೆಣಸನ್ನು ಆರು ಪಟ್ಟು ಮಾತ್ರ. ದೊಡ್ಡ ಪಾತೇಲಿಯಲ್ಲಿ ಖಾರ ಎದ್ದು ಬರುತ್ತದೆ. ನೀರೂ ಅಷ್ಟೇ, ಸ್ವಲ್ಪ ಕೈ ಹಿಡಿದು ಹಾಕಿ. ಆಮೇಲೆ ಬೇಕಾದರೆ ಸೇರಿಸಬಹುದು, ತೆಗೆಯಲು ಆಗುವುದಿಲ್ಲ.

ಬಟ್ಟಲಿಗೆ

ಹೋಟೆಲಿನಲ್ಲಿ ಸೂಪಿನ ಮೇಲೆ ಎಣ್ಣೆಯಲ್ಲಿ ಕರಿದ ಬ್ರೆಡ್ ತುಂಡು ತೇಲಿಸುತ್ತಾರೆ. ನಾವು ಖಡಕ್ ರೊಟ್ಟಿ ಮುರಿದು ಹಾಕುತ್ತೇವೆ. ಮುರಿದ ತಕ್ಷಣ ತಿಂದರೆ ಕರಕರ, ಎರಡು ನಿಮಿಷ ಬಿಟ್ಟರೆ ಮೆತ್ತಗೆ. ಎರಡೂ ಚೆನ್ನಾಗಿರುತ್ತದೆ, ಹಲ್ಲು ಹೇಗಿವೆ ಅನ್ನೋದರ ಮೇಲೆ. ಮೇಲೆ ಅರ್ಧ ಚಮಚ ಅಗಸಿ ಹಿಂಡಿ ಉದುರಿಸಿ. ಮೀನು ತಿನ್ನದವರಿಗೆ ಒಮೇಗಾ-3 ಕೊಡುವ ಕಾಳುಗಳಲ್ಲಿ ಅಗಸಿ ದೊಡ್ಡದು. ಹಿಂಡಿಯಲ್ಲಿ ಉಪ್ಪು, ಖಾರ ಇರುವುದರಿಂದ ಸೂಪಿಗೆ ಉಪ್ಪು ಹಾಕುವಾಗಲೇ ಲೆಕ್ಕ ಇಟ್ಟುಕೊಳ್ಳಿ.

ನೆಗಡಿ ಹೋಗುತ್ತದಾ ಅಂತ ಕೇಳುತ್ತಾರೆ. ಹೋಗುವುದಿಲ್ಲ. ನೆಗಡಿ ಅದರ ಪಾಡಿಗೆ ಅದು ಬಂದು ಹೋಗುತ್ತದೆ. ಆದರೆ ಮೆಣಸು, ಶುಂಠಿಯ ಬಿಸಿಗೆ ಕಟ್ಟಿದ ಮೂಗು ಬಿಚ್ಚಿಕೊಳ್ಳುತ್ತದೆ, ಹೊಟ್ಟೆ ಭಾರ ಆಗದೆ ತುಂಬುತ್ತದೆ, ಕೌದಿ ಹೊದ್ದರೆ ನಿದ್ದೆ ಬರುತ್ತದೆ.

ಉಳಿದದ್ದನ್ನು ಚಳಿ ಇದೆ ಅಂತ ಹೊರಗೇ ಬಿಡಬೇಡಿ. ಬೇಳೆಯ ಪದಾರ್ಥ, ಬೇಗ ಹುಳಿಯುತ್ತದೆ. ಬಿಸಿ ಆರಿದ ಮೇಲೆ ಫ್ರಿಜ್‌ಗೆ ಇಡಿ, ಮರುದಿನವೇ ಖಾಲಿ ಮಾಡಿ. ಬೆಳಿಗ್ಗೆ ತೆಗೆದರೆ ಜೋಳದ ಹಿಟ್ಟು ಬಿಗಿದು ಸೂಪು ಗಟ್ಟಿಯಾಗಿರುತ್ತದೆ. ಬಿಸಿನೀರು ಸೇರಿಸಿ ಒಮ್ಮೆ ಚೆನ್ನಾಗಿ ಕುದಿಸಿದರೆ ಮತ್ತೆ ಸೂಪು. ಕುಸುಬಿ ಹಾಲು ಹಾಕಿದ್ದನ್ನು ಮಾತ್ರ ಉಳಿಸಬೇಡಿ, ಮತ್ತೆ ಕುದಿಸಲು ಬರುವುದಿಲ್ಲ.

ನಮ್ಮ ಅತ್ತೆ ನೀರು ಸೇರಿಸಲು ಬಿಡುವುದಿಲ್ಲ. ಆ ಗಟ್ಟಿ ಸೂಪನ್ನು ಹಾಗೇ ಬಿಸಿ ಮಾಡಿಸಿಕೊಂಡು, ಬಿಸಿ ರೊಟ್ಟಿ ಇಟ್ಟುಕೊಂಡು, ಬಟ್ಟಲಿಗೆ ಎರಡು ಚಮಚ ಮೊಸರು ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟಕ್ಕೇ ಕೂತುಬಿಡುತ್ತಾರೆ. ಇಷ್ಟು ಬೇಗ ಯಾಕೆ ಅತ್ತೆ ಅಂದರೆ, "ಆ ಹುಡುಗ ಬರೂದ್ರೊಳಗ ಮುಗಸ್ತೀನಿ ತಡಿ" ಅಂತಾರೆ.